ಎರಡು ಪುಟದ ಅರ್ಜಿ, ಮೂರು ಪ್ಯಾರಾ

(ಮಣಿಪಾಲದಲ್ಲಿ ನಡೆದ ವಿದ್ಯಾರ್ಥಿ ಶಿಬಿರದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಬರವಣಿಗೆಯ ಹಂತಗಳ ಬಗ್ಗೆ ನಿಮ್ಮೊಡನೆ ಮಾತನಾಡಬೇಕೆಂದು ಸಂಘದವರು ಹೇಳಿದ್ದಾರೆ. ವ್ಯಾಖ್ಯೆಗಳು ನಿಮ್ಮ ಪಠ್ಯಪುಸ್ತಕದಲ್ಲಿಯೇ ಇವೆ. ನಾನು ನನ್ನದೇ ಒಂದು ತಪ್ಪಿನಿಂದ ಆರಂಭಿಸುತ್ತೇನೆ.

ಕೆಲವು ವರ್ಷಗಳ ಹಿಂದೆ ವಿದ್ಯಾರ್ಥಿವೇತನದ ಅರ್ಜಿಗಳನ್ನು ಓದುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಒಂದು ಸಂಜೆಗೆ 60 ಅರ್ಜಿಗಳು. ಅದರಲ್ಲಿ ಒಬ್ಬಳು ಹುಡುಗಿಯ ಅರ್ಜಿ ಎರಡು ಪುಟವಿತ್ತು, ಮೊದಲಿನಿಂದ ಕೊನೆಯತನಕ ಒಂದೇ ಉಸಿರು. ವಿದ್ಯೆಯ ಮಹತ್ವ, ಸಂಘದ ಗುಣಗಾನ, ಪಿಯುಸಿಯ ಅಂಕಗಳು, ತಮ್ಮನ ಜಾಣತನ, ಪುನಃ ವಿದ್ಯೆಯ ಮಹತ್ವ. ಹತ್ತು ಸಾಲು ಓದಿ, 'ಆಮೇಲೆ ನೋಡುವ' ಎಂದು ಬದಿಗಿಟ್ಟೆ. ಎರಡು ವಾರ ಕಳೆದ ಮೇಲೆ ನಮ್ಮವರೇ ಇನ್ನೊಬ್ಬರು ಅದನ್ನು ಪೂರ್ತಿ ಓದಿದರು. ಕೊನೆಯಿಂದ ನಾಲ್ಕನೆಯ ಸಾಲಿನಲ್ಲಿ ಇತ್ತು: ತಂದೆ ಮೀನುಗಾರಿಕೆಯ ಬೋಟಿನಲ್ಲಿ ಬಿದ್ದು ಕಾಲು ಮುರಿದುಕೊಂಡಿದ್ದಾರೆ, ಎಂಟು ತಿಂಗಳಿಂದ ದುಡಿಮೆಯಿಲ್ಲ, ಫೀಸು ಕಟ್ಟಲು ಕೊನೆಯ ದಿನ ಈ ತಿಂಗಳ 10. ಅಂದು ತಾರೀಕು 16. ವಿಚಾರಿಸಿದಾಗ ತಿಳಿಯಿತು, ಆಕೆಯ ಉಮ್ಮ ಕುತ್ತಿಗೆಯ ಸರ ಅಡವಿಟ್ಟು ಫೀಸು ಕಟ್ಟಿದ್ದರು. ಅನಂತರ ನಾವು ಹಣ ಕೊಟ್ಟೆವು, ಅದು ಬೇರೆ ಮಾತು.

ಓದದೆ ಬದಿಗಿಟ್ಟದ್ದು ನನ್ನ ತಪ್ಪು, ಆಕೆಯದಲ್ಲ. ಆದರೆ ಅರ್ಜಿ ಓದುವವರಲ್ಲಿ ಹೆಚ್ಚಿನವರು ಆ ಸಂಜೆ ನಾನಿದ್ದ ಹಾಗೆಯೇ ಆಯಾಸಗೊಂಡಿರುತ್ತಾರೆ ಎಂದು ತಿಳಿದೇ ನೀವು ಬರೆಯಬೇಕಾಗಿದೆ.

ಆಕೆಗೆ ಕನ್ನಡ ಬಾರದೆ ಹಾಗಾದದ್ದಲ್ಲ. ನಮ್ಮ ಮಕ್ಕಳಿಗೆ ಭಾಷೆಗಳ ಬಡತನವಿಲ್ಲ. ಮನೆಯಲ್ಲಿ ಬ್ಯಾರಿ ಅಥವಾ ಉರ್ದು, ಬಸ್ಸಿನಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಕಾಲೇಜಿನಲ್ಲಿ ಇಂಗ್ಲಿಷ್. ತೊಂದರೆ ನಾವು ಅಧ್ಯಾಪಕರು ಕಲಿಸಿದ ರೀತಿಯಲ್ಲಿದೆ. ಒತ್ತಕ್ಷರ, ಮಹಾಪ್ರಾಣ ತಪ್ಪಿದಲ್ಲೆಲ್ಲ ಕೆಂಪು ಶಾಯಿಯಲ್ಲಿ ಸುತ್ತು ಹಾಕಿದೆವು. ತಪ್ಪಿಲ್ಲದೆ ಪುಟ ತುಂಬಿಸಿದರೆ ಅದೇ ಬರವಣಿಗೆ ಎಂದು ಮಕ್ಕಳು ತಿಳಿದುಕೊಂಡರು.

ಮರುವರ್ಷ ಆ ಹುಡುಗಿಯನ್ನು ಕೂರಿಸಿಕೊಂಡು ಅದೇ ಅರ್ಜಿಯನ್ನು ಹೊಸದಾಗಿ ಬರೆಯಲು ಹೇಳಿದೆ. ಮೊದಲು ಹಳೆಯ ನೋಟ್‌ಬುಕ್ಕಿನ ಹಾಳೆಯಲ್ಲಿ ಮನಸ್ಸಿಗೆ ಬಂದದ್ದನ್ನೆಲ್ಲ ಬರೆ, ಬ್ಯಾರಿಯಲ್ಲಿ ಬಂದರೆ ಬ್ಯಾರಿಯಲ್ಲೇ ಇರಲಿ ಎಂದೆ. ಹದಿನೇಳು ಸಂಗತಿಗಳು ಬಂದವು. ಇನ್ನು ವಿಂಗಡಣೆ. ಮಲ್ಪೆ ಬಂದರಿನಲ್ಲಿ ಬೋಟಿನಿಂದ ಇಳಿದ ಮೀನನ್ನು ನೀವು ನೋಡಿದ್ದೀರಲ್ಲ? ಬಂಗುಡೆ ಬಂಗುಡೆಯ ಬುಟ್ಟಿಗೆ, ಬೂತಾಯಿ ಬೂತಾಯಿಯ ಬುಟ್ಟಿಗೆ. ಪ್ಯಾರಾ ಎಂದರೆ ಅಂಥ ಒಂದು ಬುಟ್ಟಿ. ಆಕೆಯ ಸಂಗತಿಗಳಿಗೆ ಮೂರೇ ಬುಟ್ಟಿ ಸಾಕಾಯಿತು: ನಾನು ಯಾರು ಮತ್ತು ಏನು ಕೇಳುತ್ತಿದ್ದೇನೆ, ಮನೆಯಿಂದ ಯಾಕೆ ಆಗುವುದಿಲ್ಲ, ಉಳಿದ ಹಣಕ್ಕೆ ನಾನೇನು ಮಾಡುತ್ತೇನೆ. ವಿದ್ಯೆಯ ಮಹತ್ವಕ್ಕೆ ಬುಟ್ಟಿಯೇ ಸಿಗಲಿಲ್ಲ! ಎರಡನೆಯ ಪ್ಯಾರಾ ಕೊನೆಗೆ ಹೀಗಾಯಿತು:

"ಎಂಟು ತಿಂಗಳಿಂದ ನನ್ನ ತಂದೆಗೆ ದುಡಿಮೆಯಿಲ್ಲ. ಮಲ್ಪೆಯ ಬೋಟಿನಲ್ಲಿ ಕೆಲಸಕ್ಕಿದ್ದ ಅವರು ಡಿಸೆಂಬರಿನಲ್ಲಿ ಬಲೆ ಎಳೆಯುವಾಗ ಬಿದ್ದು ಕಾಲು ಮುರಿದುಕೊಂಡರು. ಉಮ್ಮ ಬೀಡಿ ಕಟ್ಟಿ ತರುವ ಹಣ ಮನೆಖರ್ಚಿಗೇ ಸಾಲುವುದಿಲ್ಲ. ಆದುದರಿಂದ ಮೊದಲ ಕಂತಿನ ಫೀಸು ಕಟ್ಟಲು ನಮ್ಮಿಂದ ಸಾಧ್ಯವಾಗಿಲ್ಲ."

ನಾಲ್ಕು ವಾಕ್ಯಗಳು. ಮೊದಲನೆಯದು ವಿಷಯವನ್ನು ಹೇಳಿಬಿಡುತ್ತದೆ. ಅದೊಂದನ್ನೇ ಓದಿ ಮುಂದೆ ಹೋದವನಿಗೂ ಸಂಗತಿ ಗೊತ್ತಾಗುತ್ತದೆ. ಎರಡನೆಯದು ಕಾರಣ. ಮೂರನೆಯದು, ಓದುವವನು ಮನಸ್ಸಿನಲ್ಲೇ ಕೇಳುವ 'ಹಾಗಾದರೆ ತಾಯಿ?' ಎಂಬ ಪ್ರಶ್ನೆಗೆ ಉತ್ತರ. ನಾಲ್ಕನೆಯದು ಆಕೆಯ ಬೇಡಿಕೆಗೆ ತಂದು ಮುಟ್ಟಿಸುತ್ತದೆ. ತಮ್ಮ ಜಾಣ ಎಂಬುದು ನಿಜವೇ ಇರಬಹುದು, ಆದರೆ ಅದು ಈ ಬುಟ್ಟಿಯ ಮೀನಲ್ಲ.

ಒಂದೇ ಸಲಕ್ಕೆ ಇದು ಬರಲಿಲ್ಲ. ಮೊದಲ ಕರಡಿನಲ್ಲಿ ಕಾಲು ಮುರಿದ ಮಾತು ಪುನಃ ಕೊನೆಗೆ ಹೋಗಿತ್ತು. ಯೋಜನೆ, ಕರಡು, ಪರಿಷ್ಕರಣೆ, ಕಾಗುಣಿತ ತಿದ್ದುವುದು ಎಂದು ಪುಸ್ತಕಗಳು ಹಂತಗಳನ್ನು ಸಾಲಾಗಿ ಹೇಳುತ್ತವೆ. ಆದರೆ 1971ರಲ್ಲಿ ಅಮೆರಿಕದ ಜಾನೆಟ್ ಎಮಿಗ್ ಎಂಬ ವಿದ್ವಾಂಸೆ ಹನ್ನೆರಡನೆಯ ತರಗತಿಯ ಎಂಟು ವಿದ್ಯಾರ್ಥಿಗಳ ಅಧ್ಯಯನವನ್ನು ಪ್ರಕಟಿಸಿದರು. ಬರೆಯುತ್ತಾ ಮನಸ್ಸಿನಲ್ಲಿ ನಡೆಯುವುದನ್ನು ಗಟ್ಟಿಯಾಗಿ ಹೇಳುತ್ತಾ ಹೋಗಲು ಅವರಿಗೆ ತಿಳಿಸಿದ್ದರು. ಬರೆಯುವವರು ಮುಂದೆ ಹೋಗುತ್ತಾರೆ, ಹಿಂದೆ ಬರುತ್ತಾರೆ, ಹಂತಗಳು ಸಾಲಾಗಿ ನಿಲ್ಲುವುದಿಲ್ಲ ಎಂದು ಅವರು ಕಂಡುಕೊಂಡರು. ಹಾಗಾಗಿ ಹಿಂದೆ ಹೋಗಬೇಕಾಗಿ ಬಂದರೆ ನಿಮಗೆ ಬರೆಯಲು ಬಾರದು ಎಂದಲ್ಲ. ಕಾಗುಣಿತ ಮಾತ್ರ ದಯವಿಟ್ಟು ಕೊನೆಗಿರಲಿ. ನಾಳೆ ಹೊಡೆದುಹಾಕುವ ವಾಕ್ಯದ ಒತ್ತಕ್ಷರವನ್ನು ಇಂದು ತಿದ್ದಿ ಏನು ಪ್ರಯೋಜನ?

ಪರಿಷ್ಕರಣೆಗೆ ಗುರುವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ನಮ್ಮ ಕಾರ್ಕಳ ತಾಲೂಕಿನ ನಂದಳಿಕೆಯವನು ಕವಿ ಮುದ್ದಣ (1870-1901), ಉಡುಪಿಯಲ್ಲಿ ಮಾಸ್ತರನಾಗಿದ್ದವನು. ಅವನ 'ಶ್ರೀರಾಮಾಶ್ವಮೇಧ'ದಲ್ಲಿ ಹೆಂಡತಿ ಮನೋರಮೆ ಕತೆ ಕೇಳುತ್ತಾ ಕೂರುತ್ತಾಳೆ. ಕಠಿಣ ಸಂಸ್ಕೃತ ಬಂದರೆ ಗಂಟಲಲ್ಲಿ ಇಳಿಯುವುದಿಲ್ಲ ಎಂದು ಗಂಡನನ್ನು ತಡೆಯುತ್ತಾಳೆ, ಅವನು ಸರಳವಾಗಿ ಹೇಳಬೇಕಾಗುತ್ತದೆ. ನಿಮಗೂ ಅಂಥ ಒಬ್ಬರು ಬೇಕು. ಅಕ್ಕನಾಗಲಿ, ಹಾಸ್ಟೆಲಿನ ಗೆಳೆಯನಾಗಲಿ, ಗಟ್ಟಿಯಾಗಿ ಓದಿ ಹೇಳಿ. ಅವರು ಎಲ್ಲಿ 'ಏನು?' ಎನ್ನುತ್ತಾರೋ ಅಲ್ಲಿ ಗೆರೆ ಎಳೆಯಿರಿ.

ಈಗ ಮೊಬೈಲಿಗೆ ಹೇಳಿದರೆ ಅದೇ ಅರ್ಜಿ ಬರೆದುಕೊಡುತ್ತದೆ, ಗೊತ್ತು. ಅಂಥವು ನನ್ನ ಕೈಗೂ ಬಂದಿವೆ. ಹೆಸರು ಬದಲಿಸಿದರೆ ಎಲ್ಲವೂ ಒಂದೇ. ಡಿಸೆಂಬರಿನಲ್ಲಿ ನಿಮ್ಮ ಮನೆಯಲ್ಲಿ ಏನಾಯಿತೆಂದು ಅದಕ್ಕೆ ನೀವೇ ಹೇಳಬೇಕಷ್ಟೆ.

ಪರೀಕ್ಷೆಯಲ್ಲಿ ಇಷ್ಟಕ್ಕೆಲ್ಲ ಸಮಯವಿಲ್ಲ. ಪ್ರಬಂಧಕ್ಕೆ ಮೊದಲು ಉತ್ತರ ಪತ್ರಿಕೆಯ ಕೊನೆಯ ಪುಟದಲ್ಲಿ ನಾಲ್ಕು ನಿಮಿಷ ಬುಟ್ಟಿ ಮಾಡಿ, ಆಮೇಲೆ ಅದನ್ನು ಹೊಡೆದುಹಾಕಿ.

ಈಗ ಹಾಳೆ ಹಂಚುತ್ತಾರೆ. ನಿಮಗೆ ನಿಜವಾಗಿ ಬೇಕಾದ ಒಂದನ್ನು ಕೇಳಿ ಅರ್ಜಿ ಬರೆಯಿರಿ: ಫೀಸು, ಪುಸ್ತಕ, ಬಸ್ ಪಾಸ್, ಏನಾದರೂ. ಅರ್ಧ ಗಂಟೆ ಇದೆ. ಮೊದಲ ಹತ್ತು ನಿಮಿಷ ಪೆನ್ನನ್ನು ನಿಲ್ಲಿಸಬೇಡಿ. ಅನಂತರ ಹಾಳೆಯನ್ನು ಪಕ್ಕದವರಿಗೆ ಕೊಡಿ.