ಮರದಡಿಯ ಹಸುರು

ತಿಲಕಾರಣ್ಯವೆಂದು ಪುರಾಣಪ್ರಸಿದ್ಧವಾದ ಚೊಳಚಗುಡ್ಡದ ಸೀಮೆಯಲ್ಲಿ, ಬನಶಂಕರಿ ಗುಡಿಯ ಹರಿದ್ರಾತೀರ್ಥವೆಂಬ ಕೊಳದ ದಂಡೆಯ ಮೇಲೆ ನಿಂತವರಿಗೆ, ಸುತ್ತಣ ತೆಂಗು, ಬಾಳೆ, ಎಲೆಬಳ್ಳಿಗಳ ತಂಪನ್ನು ಕಂಡು, ಇಷ್ಟು ನೆರಳಿರುವಲ್ಲಿ ಹುಲ್ಲಿಗೇನು ಕೊರತೆ ಎಂದು ತೋರುವುದು ಸಹಜ. ಆದರೆ ಎಲೆಬಳ್ಳಿಯು ನೆರಳನ್ನು ಬಯಸುವ ಜಾತಿ. ವಿನಾಯಕನಿಗೆ ಪ್ರಿಯವಾದ ಗರಿಕೆಯಾದರೋ ಬಿಸಿಲನ್ನುಂಡು ಬಾಳುವ ಜಾತಿ. ಬಯಲಿನಲ್ಲಿ ತುಳಿದರೂ ಮೇದರೂ ಮತ್ತೆ ಚಿಗುರುವ ಅದು, ಹುಣಸೆಯ ದಟ್ಟ ನೆರಳಿನಡಿ ಬೆಳಕನ್ನರಸಿ ನೀಳವಾಗಿ, ಬಿಳಿಚಿಕೊಂಡು, ಕ್ರಮೇಣ ವಿರಳವಾಗಿ ಅಳಿದುಹೋಗುತ್ತದೆ. ದೋಷವನ್ನೆಲ್ಲ ನೆರಳಿನ ಮೇಲೆಯೇ ಹೊರಿಸುವುದು ನ್ಯಾಯವಲ್ಲ. ಮರದ ಬೇರುಗಳು ಮೇಲ್ಮಣ್ಣಿನಲ್ಲಿಯೇ ಹರಡಿ, ಮಳೆ ಅಲ್ಪವಾದ ಈ ನಾಡಿನಲ್ಲಿ, ಹುಲ್ಲಿಗೆ ಸಲ್ಲಬೇಕಾದ ನೀರನ್ನೂ ಸಾರವನ್ನೂ ಮೊದಲೇ ಹೀರಿಕೊಳ್ಳುತ್ತವೆ.

ಆದಕಾರಣ, ಶ್ರೋತೃಗಳೆ, ಮರದಡಿ ಹಸುರನ್ನು ಬಯಸುವವರು ಕೆಳಗಣ ಕೊಂಬೆಗಳನ್ನಷ್ಟೇ ಸವರಿ ಮುಂಜಾನೆಯ ಓರೆಬಿಸಿಲಿಗೆ ದಾರಿಮಾಡಿ, ಉದುರಿದ ಎಲೆಗಳನ್ನು ಗುಡಿಸಿ, ಹುಲ್ಲನ್ನು ಬಯಲಿನದಕ್ಕಿಂತ ಎತ್ತರವಾಗಿ ಬಿಟ್ಟು ಕತ್ತರಿಸಿ (ಎಸಳೇ ಅದರ ಅಡುಗೆಮನೆಯಷ್ಟೆ!) ನಿತ್ಯ ಚಿಮುಕಿಸುವುದಕ್ಕೆ ಬದಲಾಗಿ ಆಗೊಮ್ಮೆ ಈಗೊಮ್ಮೆ ಆಳವಾಗಿ ನೀರುಣಿಸತಕ್ಕದ್ದು. ಗರಿಕೆ ಒಲ್ಲದ ಕಡೆ, ನೆರಳನ್ನು ಸಹಿಸುವ ಅಗಲ ಎಸಳಿನ ಕಾರ್ಪೆಟ್ ಹುಲ್ಲನ್ನು ನೆಡಬಹುದು. ಅದಕ್ಕೆ ನೀರು ಹೆಚ್ಚು ಬೇಕೆಂಬುದನ್ನು ಮಾತ್ರ ಮರೆಯಲಾಗದು. ಹುಲ್ಲು ಹಾಸುವ ಆತುರದಲ್ಲಿ ಕಾಂಡದ ಬುಡಕ್ಕೆ ಮಣ್ಣು ಪೇರಿಸುವುದಂತೂ ಮರಕ್ಕೇ ಅಪಾಯಕರ.

ಆದರೆ ಬನಶಂಕರಿಯ ಪುಷ್ಯಮಾಸದ ಜಾತ್ರೆಯಲ್ಲಿ ಸಹಸ್ರಾರು ಜನ ಬಂಡಿ ಬಿಟ್ಟು ಬುತ್ತಿ ಬಿಚ್ಚುವ ಮರದಡಿಗಳಲ್ಲಿ ಹುಲ್ಲನ್ನು ಹಂಬಲಿಸುವುದೇ ವ್ಯರ್ಥವೆಂದು ನನಗೆ ತೋರುತ್ತದೆ. ಅಲ್ಲಿಗೆ ತರಗೆಲೆಯ ಹಾಸೇ ಸಾಕು.