ಅನ್ಯರ ಹಕ್ಕಿಗೂ ನಿಲ್ಲುವ ವಿದ್ಯಾರ್ಥಿಗಳು ಬೇಕಾಗಿದ್ದಾರೆ

(ಮಾನವ ಹಕ್ಕುಗಳ ದಿನದ ಅಂಗವಾಗಿ ತಗಡೂರಿನಲ್ಲಿ ಸೇರಿದ್ದ ವಿದ್ಯಾರ್ಥಿಗಳು ಮತ್ತು ಹೆತ್ತವರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಭೆ ಆರಂಭವಾಗುವ ಮುನ್ನ ಇಲ್ಲಿಯ ತಾಯಿಯೊಬ್ಬರು ನಮ್ಮೊಡನೆ ಒಂದು ಮಾತು ಹೇಳಿದರು. “ಮಗಳನ್ನು ಮೈಸೂರಿಗೆ ಓದಲು ಕಳಿಸಿದ್ದೇವೆ. ಅವಳು ಸಭೆ, ಮೆರವಣಿಗೆ, ಹಕ್ಕು ಎಂದು ಹೊರಟರೆ ನಮ್ಮ ಗತಿಯೇನು? ಇಂತಹ ಮಾತುಗಳನ್ನು ಅವಳಿಗೆ ಹೇಳಿಕೊಡಬೇಡಿ” ಎಂದರು. ಅದು ಅವರೊಬ್ಬರ ಮಾತಲ್ಲ. ಹೊಲ ಮಾರಿ, ಸಾಲ ಮಾಡಿ ಮಕ್ಕಳನ್ನು ಓದಿಸುವ ಪ್ರತಿಯೊಂದು ಮನೆಯ ಭಯವದು. ಆ ಭಯವನ್ನು ಹೇಡಿತನವೆಂದು ತಳ್ಳಿಹಾಕುವ ಅಧಿಕಾರ ನಮಗಿಲ್ಲ. ಆದ್ದರಿಂದ ಇಂದಿನ ನಮ್ಮ ಮಾತು ಆ ತಾಯಿಯ ಪ್ರಶ್ನೆಗೆ ಉತ್ತರ ಹುಡುಕುವ ಒಂದು ಪ್ರಯತ್ನ ಮಾತ್ರ.

ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯನ್ನು ವಿಶ್ವಸಂಸ್ಥೆ ಅಂಗೀಕರಿಸಿದ್ದು 1948ರ ಡಿಸೆಂಬರ್ 10ರಂದು. ಅದರಲ್ಲಿ 30 ವಿಧಿಗಳಿವೆ. ಇದು ಪರದೇಶದವರು ನಮ್ಮ ಮೇಲೆ ಹೇರಿದ ಸರಕೆಂದು ಹೇಳುವವರಿದ್ದಾರೆ. ಘೋಷಣೆಯ ಕರಡಿನಲ್ಲಿ ‘ಎಲ್ಲ ಪುರುಷರು’ ಎಂಬರ್ಥ ಬರುವಂತಿದ್ದ ಮಾತನ್ನು ತಿದ್ದಿಸಿ ‘ಎಲ್ಲ ಮನುಷ್ಯರು’ ಎಂದು ಮಾಡಿಸಿದವರು ಭಾರತದ ಪ್ರತಿನಿಧಿ ಹಂಸಾ ಮೆಹ್ತಾ ಎಂಬುದು ಅವರಿಗೆ ತಿಳಿದಿರಲಿ. ಅದರ 26ನೆಯ ವಿಧಿ ಶಿಕ್ಷಣದ ಬಗ್ಗೆ ಇದೆ. ಶಿಕ್ಷಣ ಎಲ್ಲರಿಗೂ ಸಿಗಬೇಕು ಎಂದಷ್ಟೇ ಹೇಳಿ ಅದು ಸುಮ್ಮನಾಗುವುದಿಲ್ಲ. ಮಾನವ ಹಕ್ಕುಗಳ ಮೇಲಿನ ಗೌರವವನ್ನು ಬಲಪಡಿಸುವುದು ಮತ್ತು ಬೇರೆ ಬೇರೆ ಜನಾಂಗ, ಧರ್ಮಗಳ ನಡುವೆ ಸ್ನೇಹ ಬೆಳೆಸುವುದು ಶಿಕ್ಷಣದ ಗುರಿಯಾಗಿರಬೇಕು ಎಂದೂ ಹೇಳುತ್ತದೆ. ಅಂದರೆ ಪದವಿ ಪಡೆದೂ ನೆರೆಯವನ ನೋವು ಅರಿಯದವನ ಶಿಕ್ಷಣ ಅಪೂರ್ಣ ಎಂದಾಯಿತು.

ಈ ಮಾತು ತಗಡೂರಿಗೆ ಹೊಸದಲ್ಲ. ಗಾಂಧೀಜಿಯವರ ಕರೆಗೆ ಓಗೊಟ್ಟು ಖಾದಿ ಮತ್ತು ಅಸ್ಪೃಶ್ಯತಾ ನಿವಾರಣೆಯ ಕೆಲಸಕ್ಕೆ ಬದುಕನ್ನೇ ಕೊಟ್ಟ ರಾಮಚಂದ್ರರಾಯರ ಹೆಸರಿನೊಂದಿಗೆ ಈ ಊರಿನ ಹೆಸರು ಸೇರಿಕೊಂಡಿದೆ. ಅವರು ಹೋರಾಡಿದ್ದು ತಮಗೆ ಇಲ್ಲದ ಹಕ್ಕಿಗಾಗಿ ಅಲ್ಲ. ತಮಗೆ ಹುಟ್ಟಿನಿಂದಲೇ ಸಿಕ್ಕಿದ್ದ ಗೌರವವು ಇತರರಿಗೆ ಇಲ್ಲವಲ್ಲ ಎಂಬುದು ಅವರನ್ನು ಕಾಡಿತು. ಈ ವ್ಯತ್ಯಾಸವನ್ನು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಿ.

ಇನ್ನು ವಿಶ್ವವಿದ್ಯಾನಿಲಯದ ವಿಷಯಕ್ಕೆ ಬರೋಣ. ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದದ್ದು 1916ರಲ್ಲಿ. ಈ ಭಾಗದ ಹಳ್ಳಿಗಳ ಬಡ ಮಕ್ಕಳು ಪದವಿಯ ಮುಖ ನೋಡಿದ್ದು ಬಹುತೇಕ ಅದರ ಮೂಲಕವೇ. ಅಲ್ಲಿಯ ವಿದ್ಯಾರ್ಥಿ ಚಳವಳಿಗಳನ್ನು ನಾವು ಹೆಮ್ಮೆಯಿಂದ ಸ್ಮರಿಸುತ್ತೇವೆ. ಆದರೆ ಚರಿತ್ರೆಯನ್ನು ಪೂರ್ತಿಯಾಗಿ ಓದಬೇಕು. 1973ರ ನವೆಂಬರ್‌ನಲ್ಲಿ ಮೈಸೂರಿನಲ್ಲಿ ನಡೆದ ಸಭೆಯೊಂದರಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಇದೆ ಎಂದು ಹೇಳಿದರು. ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ ಮಂತ್ರಿ ಅವರು. ಅವರ ಅಭಿಪ್ರಾಯವನ್ನು ಒಪ್ಪಬಹುದಿತ್ತು, ಖಂಡಿಸಬಹುದಿತ್ತು. ಆದರೆ ನಡೆದದ್ದೇನು? ಬೀದಿಗಿಳಿದವರೂ ವಿದ್ಯಾರ್ಥಿಗಳೇ, ಹಾಸ್ಟೆಲುಗಳಲ್ಲಿ ಪೆಟ್ಟು ತಿಂದ ದಲಿತರೂ ವಿದ್ಯಾರ್ಥಿಗಳೇ. ಕೊನೆಗೆ ಮಂತ್ರಿಗಳು ಸ್ಥಾನ ಬಿಡಬೇಕಾಯಿತು.

ಆದ್ದರಿಂದ ವಿದ್ಯಾರ್ಥಿಗಳು ಗುಂಪುಗೂಡಿ ಕೂಗಿದ ಮಾತ್ರಕ್ಕೆ ಅದು ಮಾನವ ಹಕ್ಕಿನ ಚಳವಳಿಯಾಗುವುದಿಲ್ಲ. ಒಬ್ಬನ ಬಾಯಿ ಮುಚ್ಚಿಸಲು ನೂರು ಮಂದಿ ಸೇರುವುದು ಚಳವಳಿಯಲ್ಲ, ಅದು ಬಲಪ್ರದರ್ಶನ. ನಿಜವಾದ ಚಳವಳಿ ಹುಟ್ಟಿದ್ದು ಪೆಟ್ಟು ತಿಂದವರ ಕಡೆಯಿಂದ. ಆ ಗಾಯದಿಂದ ಎಚ್ಚೆತ್ತ ಯುವಕರು ಮುಂದೆ ದಲಿತ ಸಂಘರ್ಷ ಸಮಿತಿಯನ್ನು ಕಟ್ಟಿದರು. ಇದೇ ನಂಜನಗೂಡು ತಾಲೂಕಿನ ದೇವನೂರಿನಿಂದ ಹೋಗಿ ಮೈಸೂರಿನಲ್ಲಿ ಓದಿದ ದೇವನೂರ ಮಹಾದೇವ ಅವರು ಆ ಸಂಘಟನೆಯನ್ನು ಕಟ್ಟಿದವರಲ್ಲಿ ಒಬ್ಬರು. ಹಳ್ಳಿಯ ಹುಡುಗ ವಿಶ್ವವಿದ್ಯಾನಿಲಯಕ್ಕೆ ಹೋಗಿ ಪಡೆದ ಅರಿವು ಮತ್ತೆ ಹಳ್ಳಿಯ ಕೇರಿಗೆ ಮರಳಿತು. ಹಾಗೆ ಮರಳದ ಅರಿವಿನಿಂದ ಏನು ಪ್ರಯೋಜನ?

ಈಗ ತೀರಾ ಸಮೀಪದ ಒಂದು ಘಟನೆಯನ್ನು ನೋಡೋಣ. 2020ರ ಜನವರಿ 5ರಂದು ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾನಿಲಯದಲ್ಲಿ ಮುಸುಕುಧಾರಿಗಳು ನುಗ್ಗಿ ವಿದ್ಯಾರ್ಥಿಗಳನ್ನೂ ಅಧ್ಯಾಪಕರನ್ನೂ ಥಳಿಸಿದರು. ಅದನ್ನು ಖಂಡಿಸಿ ಜನವರಿ 8ರಂದು ಮಾನಸಗಂಗೋತ್ರಿಯಲ್ಲಿ ಪ್ರತಿಭಟನೆ ನಡೆಯಿತು. ಅಲ್ಲಿ ಹಳೆಯ ವಿದ್ಯಾರ್ಥಿನಿಯೊಬ್ಬಳು ‘ಫ್ರೀ ಕಾಶ್ಮೀರ್’ ಎಂಬ ಫಲಕ ಹಿಡಿದಿದ್ದಳು. ಪೊಲೀಸರು ತಾವಾಗಿಯೇ ರಾಜದ್ರೋಹದ ಮೊಕದ್ದಮೆ ದಾಖಲಿಸಿದರು. ಕಾಶ್ಮೀರದಲ್ಲಿ 2019ರ ಆಗಸ್ಟ್‌ನಿಂದ ಇದ್ದ ಇಂಟರ್‌ನೆಟ್ ನಿರ್ಬಂಧ ತೆರವಾಗಲಿ ಎಂಬುದಷ್ಟೇ ತನ್ನ ಉದ್ದೇಶವಾಗಿತ್ತೆಂದು ಆಕೆ ವಿವರಿಸಿದಳು. ಎರಡೇ ದಿನಗಳ ನಂತರ, ಅಂದರೆ ಜನವರಿ 10ರಂದು, ಅನಿರ್ದಿಷ್ಟ ಕಾಲ ಇಂಟರ್‌ನೆಟ್ ಸ್ಥಗಿತಗೊಳಿಸುವುದು ಸಲ್ಲದು ಎಂದು ಸುಪ್ರೀಂ ಕೋರ್ಟೇ ಹೇಳಿತು ಎಂಬುದನ್ನು ಗಮನಿಸಿ.

ಆ ಫಲಕದ ಮಾತು ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ. ಅದನ್ನು ಒಪ್ಪದವರು ಈ ಸಭೆಯಲ್ಲಿಯೂ ಇರಬಹುದು. ಎರಡರ್ಥ ಬರುವ ಎರಡು ಪದಗಳನ್ನು ಹಿಡಿಯುವುದಕ್ಕಿಂತ ಹೇಳಬೇಕಾದುದನ್ನು ಸ್ಪಷ್ಟವಾಗಿ ಬರೆಯಬಹುದಿತ್ತು ಎಂದು ನಮಗೂ ಅನಿಸುತ್ತದೆ. ಆದರೆ ಹಿಂಸೆಗೆ ಪ್ರಚೋದನೆ ಇಲ್ಲದ ಮಾತು ರಾಜದ್ರೋಹವಾಗದು ಎಂದು ಸುಪ್ರೀಂ ಕೋರ್ಟು 1962ರಲ್ಲೇ ಕೇದಾರನಾಥ ಸಿಂಗ್ ಪ್ರಕರಣದಲ್ಲಿ ತೀರ್ಮಾನಿಸಿತ್ತಲ್ಲವೇ? ಅದಕ್ಕಿಂತಲೂ ದುಃಖದ ಸಂಗತಿಯೆಂದರೆ, ಆಕೆಯ ಪರವಾಗಿ ಯಾರೂ ವಾದಿಸಬಾರದೆಂದು ಮೈಸೂರಿನ ವಕೀಲರ ಸಂಘ ನಿರ್ಣಯ ಕೈಗೊಂಡದ್ದು. ಇಂತಹ ನಿರ್ಣಯಗಳು ಕಾನೂನುಬಾಹಿರ ಎಂದು ಸುಪ್ರೀಂ ಕೋರ್ಟು 2010ರಲ್ಲಿಯೇ ಹೇಳಿತ್ತು. ಆರೋಪಿಗೆ ವಕೀಲನೇ ಇರಬಾರದು ಎಂದರೆ, ವಿಚಾರಣೆಗೆ ಮುನ್ನವೇ ತೀರ್ಪು ಕೊಟ್ಟಂತೆ ಅಲ್ಲವೇ?

ಆಗ ರಾಜ್ಯದ ಬೇರೆ ಬೇರೆ ಊರುಗಳ ನೂರಕ್ಕೂ ಹೆಚ್ಚು ವಕೀಲರು ಆಕೆಯ ಪರ ವಕಾಲತ್ತಿಗೆ ಸಹಿ ಹಾಕಿದರು. ಅವರೆಲ್ಲರೂ ಆ ಫಲಕದ ಮಾತನ್ನು ಒಪ್ಪಿ ಬಂದವರಲ್ಲ. ನ್ಯಾಯಾಲಯದಲ್ಲಿ ತನ್ನ ಮಾತು ಹೇಳಿಕೊಳ್ಳುವ ಹಕ್ಕು ಎಲ್ಲರಿಗೂ ಇದೆ ಎಂಬ ನಂಬಿಕೆಯಿಂದ ಬಂದವರು. ಆ ಜನವರಿ ಮುಗಿಯುವ ಮುನ್ನವೇ ಆಕೆಗೆ ನಿರೀಕ್ಷಣಾ ಜಾಮೀನು ಸಿಕ್ಕಿತು. ಇಡೀ ಪ್ರಕರಣದಲ್ಲಿ ನಮ್ಮ ವಿದ್ಯಾರ್ಥಿಗಳು ಕಲಿಯಬೇಕಾದ ಪಾಠ ಇರುವುದು ಫಲಕದಲ್ಲಿ ಅಲ್ಲ, ಆ ವಕಾಲತ್ತಿನ ಹಾಳೆಯಲ್ಲಿ.

ಇನ್ನೊಬ್ಬ ಮೈಸೂರಿಗರ ಹೆಸರನ್ನೂ ಹೇಳಬೇಕು. ರಾಜದ್ರೋಹದ ಕಾಯ್ದೆಯನ್ನೇ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದವರಲ್ಲಿ ಪ್ರಮುಖರು ಮೈಸೂರಿನ ನಿವಾಸಿ, ನಿವೃತ್ತ ಮೇಜರ್ ಜನರಲ್ ಎಸ್.ಜಿ. ಒಂಬತ್ಕೆರೆ. ದೇಶದ ಗಡಿ ಕಾಯುವ ಸೈನ್ಯದಲ್ಲಿ ಸೇವೆ ಸಲ್ಲಿಸಿದ ಅವರಿಗೆ ದೇಶಪ್ರೇಮದ ಪಾಠ ಹೇಳಲು ಯಾರಿಗೆ ಧೈರ್ಯವಿದೆ? ಅವರ ಅರ್ಜಿಯ ಮೇಲೆಯೇ 2022ರ ಮೇ 11ರಂದು ಸುಪ್ರೀಂ ಕೋರ್ಟು ಆ ಕಾಯ್ದೆಯ ಬಳಕೆಗೆ ತಡೆ ಹಾಕಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ರಾಜದ್ರೋಹವೆಂಬ ಹೆಸರಿಲ್ಲ. ಆದರೆ ಅದರ 152ನೆಯ ಕಲಮು ದೇಶದ ಸಾರ್ವಭೌಮತೆ ಮತ್ತು ಏಕತೆಗೆ ಅಪಾಯ ತರುವ ಕೃತ್ಯಕ್ಕೆ ಜೀವಾವಧಿ ಶಿಕ್ಷೆಯವರೆಗೂ ಅವಕಾಶ ಕೊಟ್ಟಿದೆ. ಆದ್ದರಿಂದ ತಾಯಂದಿರ ಭಯ ಆಧಾರವಿಲ್ಲದ್ದೇನೂ ಅಲ್ಲ.

ಸಹೋದರರೇ, ಇಷ್ಟು ಹೊತ್ತು ಬೇರೆಯವರ ವಿಷಯ ಹೇಳಿದೆವು. ಈಗ ನಮ್ಮತ್ತಲೇ ತಿರುಗಿ ನೋಡಿಕೊಳ್ಳೋಣ. 2021ರ ಕೊನೆಯಲ್ಲಿ ಉಡುಪಿಯಲ್ಲಿ ಆರಂಭವಾದ ಹಿಜಾಬ್ ವಿವಾದ 2022ರ ಮಾರ್ಚ್ 15ರ ಹೈಕೋರ್ಟ್ ತೀರ್ಪಿಗೆ, ಅಕ್ಟೋಬರ್ 13ರ ಸುಪ್ರೀಂ ಕೋರ್ಟಿನ ಇಬ್ಬಗೆಯ ತೀರ್ಪಿಗೆ ಮುಟ್ಟಿತು. 2023ರ ಡಿಸೆಂಬರ್‌ನಲ್ಲಿ ಇದೇ ತಾಲೂಕಿನ ಕವಲಂದೆಯಲ್ಲಿ ಮುಖ್ಯಮಂತ್ರಿ ಸಿದ್ಧರಾಮಯ್ಯನವರು ನಿಷೇಧವನ್ನು ಹಿಂಪಡೆಯುವ ಮಾತಾಡಿದಾಗ ಅದು ದೇಶಕ್ಕೆಲ್ಲ ಸುದ್ದಿಯಾಯಿತು. ಆ ದಿನಗಳಲ್ಲಿ ಪರೀಕ್ಷೆ ತಪ್ಪಿಸಿಕೊಂಡ ಹೆಣ್ಣುಮಕ್ಕಳ ನೋವನ್ನು ನಾವು ಬಲ್ಲೆವು. ಸಹಪಾಠಿಗಳು ನಮ್ಮ ಪರ ಏಕೆ ನಿಲ್ಲಲಿಲ್ಲ ಎಂದು ನಾವು ನೊಂದು ಕೇಳಿದೆವು. ಆ ಪ್ರಶ್ನೆ ನ್ಯಾಯವಾದದ್ದೇ.

ಆದರೆ ಅದೇ ಪ್ರಶ್ನೆಯನ್ನು ಯಾರಾದರೂ ನಮಗೆ ಕೇಳಿದರೆ? ನಂಜನಗೂಡು ತಾಲೂಕಿನ ಬದನವಾಳು ನಿಮಗೆ ಗೊತ್ತಿಲ್ಲದ ಊರಲ್ಲ. 1993ರ ಮಾರ್ಚ್‌ನಲ್ಲಿ, ದೇವಸ್ಥಾನ ಪ್ರವೇಶದ ವಿವಾದದ ಬೆನ್ನಿಗೆ, ಅಲ್ಲಿ ಮೂವರು ದಲಿತರ ಕೊಲೆಯಾಯಿತು. ಅಪರಾಧಿಗಳಿಗೆ ಜೀವಾವಧಿ ಶಿಕ್ಷೆ ವಿಧಿಸಿದ ತೀರ್ಪು ಬಂದದ್ದು 2010ರಲ್ಲಿ. ಆ 17 ವರ್ಷಗಳಲ್ಲಿ ನಮ್ಮ ಎಷ್ಟು ಸಂಘಟನೆಗಳು ಆ ಊರಿಗೆ ಹೋದವು? ಎಷ್ಟು ಸಭೆಗಳಲ್ಲಿ ಅದು ಚರ್ಚೆಯಾಯಿತು? ನಮಗೆ ನೋವಾದಾಗ ಮಾತ್ರ ಸಂವಿಧಾನ ನೆನಪಾದರೆ, ಇತರರಿಗೆ ನಮ್ಮ ನೋವು ನೆನಪಾಗಲಿ ಎಂದು ನಿರೀಕ್ಷಿಸುವುದು ಹೇಗೆ? ಅಷ್ಟೇ ಅಲ್ಲ, ಹೊರಗೆ ಹೆಣ್ಣುಮಗಳ ಆಯ್ಕೆಯ ಹಕ್ಕಿಗಾಗಿ ಘೋಷಣೆ ಕೂಗುವ ನಾವು, ಮನೆಯೊಳಗೆ ಅವಳ ಓದು ಮತ್ತು ಮದುವೆಯ ವಿಷಯದಲ್ಲಿ ಅವಳ ಅಭಿಪ್ರಾಯವನ್ನು ಕೇಳುತ್ತೇವೆಯೇ? ಬೀದಿಯಲ್ಲಿ ಒಂದು, ಮನೆಯಲ್ಲಿ ಇನ್ನೊಂದು ಎಂದಾದರೆ ಅದು ಹಕ್ಕಿನ ಹೋರಾಟವಲ್ಲ, ಕೇವಲ ಜಗಳ.

ಒಂದಾಗಿ ನಿಲ್ಲುವುದು ಹೇಗೆಂಬುದನ್ನು ಇಬ್ಬರು ತಾಯಂದಿರು ತೋರಿಸಿಕೊಟ್ಟಿದ್ದಾರೆ. ಹೈದರಾಬಾದ್ ವಿಶ್ವವಿದ್ಯಾನಿಲಯದ ಸಂಶೋಧಕ ರೋಹಿತ್ ವೇಮುಲ 2016ರ ಜನವರಿಯಲ್ಲಿ ಪ್ರಾಣ ಕಳೆದುಕೊಂಡರು. ಮುಂಬಯಿಯ ಯುವ ವೈದ್ಯೆ ಪಾಯಲ್ ತಡ್ವಿ 2019ರ ಮೇ ತಿಂಗಳಲ್ಲಿ ಪ್ರಾಣ ಕಳೆದುಕೊಂಡರು. ಅವರ ತಾಯಂದಿರಾದ ರಾಧಿಕಾ ವೇಮುಲ ಮತ್ತು ಆಬಿದಾ ತಡ್ವಿ 2019ರಲ್ಲಿ ಜೊತೆಯಾಗಿ ಸುಪ್ರೀಂ ಕೋರ್ಟಿಗೆ ಹೋದರು. ಒಬ್ಬರು ದಲಿತ ತಾಯಿ, ಇನ್ನೊಬ್ಬರು ಆದಿವಾಸಿ ಮುಸ್ಲಿಮ್ ತಾಯಿ. ತಮ್ಮ ಮಕ್ಕಳು ಮರಳುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಶಿಕ್ಷಣ ಸಂಸ್ಥೆಗಳಲ್ಲಿನ ಜಾತಿ ತಾರತಮ್ಯಕ್ಕೆ ಬೇರೆಯವರ ಮಕ್ಕಳು ಬಲಿಯಾಗದಿರಲಿ ಎಂಬುದೇ ಅವರ ಅಹವಾಲು.

ವಿದ್ಯಾರ್ಥಿಗಳೇ, ನೀವೇನು ಮಾಡಬಹುದು? ಮೊದಲು ತಿಳಿದುಕೊಳ್ಳಿ. ಬಂಧನವಾದರೆ ಕಾರಣ ತಿಳಿಯುವ, ವಕೀಲರನ್ನು ಕಾಣುವ, 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರಾಗುವ ಹಕ್ಕನ್ನು ಸಂವಿಧಾನದ 22ನೆಯ ವಿಧಿ ಕೊಟ್ಟಿದೆ. ಮಹಿಳೆಯರಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ದೊರೆಯುತ್ತದೆ. ವಿದ್ಯಾರ್ಥಿವೇತನ ಏಕೆ ಬಂದಿಲ್ಲ, ಹಾಸ್ಟೆಲಿನ ಅನುದಾನ ಎಲ್ಲಿ ಹೋಯಿತು ಎಂದು ಕೇಳಲು 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಯಾವುದೇ ಅನ್ಯಾಯವನ್ನು ಕಂಡರೆ ದಿನಾಂಕ, ಸಾಕ್ಷಿಗಳ ಹೆಸರು ಸಹಿತ ಬರೆದಿಡಿ. ಫಲಕ ಬರೆಯುವಾಗ ಅದರ ಅರ್ಥವನ್ನು ಹತ್ತು ಮಂದಿಯ ಮುಂದೆ ವಿವರಿಸಬಲ್ಲೆವೇ ಎಂದು ಮೊದಲೇ ಯೋಚಿಸಿ. ಹಿಂಸೆ, ಅವಾಚ್ಯ ಮಾತು ಹತ್ತಿರ ಸುಳಿಯದಿರಲಿ. ನಿಮ್ಮ ಸಭೆಗೆ ಬಂದವರೆಲ್ಲ ನಿಮ್ಮದೇ ಸಮುದಾಯದವರಾಗಿದ್ದರೆ ಎಲ್ಲೋ ತಪ್ಪಾಗಿದೆ ಎಂದು ತಿಳಿಯಿರಿ. ಎಲ್ಲಕ್ಕಿಂತ ಮುಖ್ಯವಾಗಿ, ನಿಮ್ಮೊಡನೆ ನಿಂತವನ ಮೇಲೆ ಮೊಕದ್ದಮೆ ಬಿದ್ದ ದಿನ ಅವನನ್ನು ಒಂಟಿಯಾಗಿ ಬಿಟ್ಟು ಹೋಗಬೇಡಿ.

ಕೊನೆಯದಾಗಿ ಆ ತಾಯಿಗೆ ನಮ್ಮ ಉತ್ತರ. ಅಮ್ಮಾ, ಮಗಳಿಗೆ ಏನೂ ಆಗುವುದಿಲ್ಲ ಎಂಬ ಭರವಸೆಯನ್ನು ನಾವು ಕೊಡಲಾರೆವು. ಹಾಗೆ ಕೊಡುವವರು ಸುಳ್ಳು ಹೇಳುತ್ತಾರೆ. ಆದರೆ ಬಾಯಿ ಮುಚ್ಚಿಕೊಂಡು ಇದ್ದವರೆಲ್ಲ ಕ್ಷೇಮವಾಗಿದ್ದಾರೆ ಎಂಬುದೂ ಸುಳ್ಳೇ. ಒಂಟಿಯಾದವರಿಗೆ ಎಲ್ಲ ಕಾಲದಲ್ಲೂ ಅಪಾಯವಿದೆ. ನಿಮ್ಮ ಮಗಳು ಇಂದು ಅನ್ಯರ ಮಗಳ ಪಕ್ಕದಲ್ಲಿ ನಿಂತರೆ, ನಾಳೆ ಅವಳ ಪಕ್ಕದಲ್ಲಿ ನಿಲ್ಲುವವರೂ ಇರುತ್ತಾರೆ. ಅವಳನ್ನು ತಡೆಯಬೇಡಿ. ಅವಳು ಹೋಗುವ ಸಭೆಗೆ ಸಾಧ್ಯವಾದರೆ ಒಮ್ಮೆ ನೀವೂ ಹೋಗಿ ಬನ್ನಿ. ಅವಳು ಏನು ಹೇಳುತ್ತಾಳೆಂದು ಕೇಳಿ. ಅಷ್ಟು ಮಾಡಿದರೆ ಈ ಮಾನವ ಹಕ್ಕುಗಳ ದಿನ ತಗಡೂರಿನ ಮಟ್ಟಿಗೆ ಸಾರ್ಥಕವಾಯಿತೆಂದು ನಾವು ಭಾವಿಸುತ್ತೇವೆ.