ಗಿಟಾರ್ ಕಲಿಯುವವರ ಬಲಗೈ



ಗಿಟಾರ್ ಹಿಡಿದವರೆಲ್ಲ ಮೊದಲು ನೋಡುವುದು ತಮ್ಮ ಎಡಗೈಯನ್ನು. ಯಾವ ಬೆರಳು ಯಾವ ಫ್ರೆಟ್ಟಿನ ಮೇಲೆ, ಯಾವ ಕಾರ್ಡಿಗೆ ಎಷ್ಟು ಬೆರಳು ಎಂಬುದೇ ಅವರ ಚಿಂತೆ. ಆದರೆ ನಾದ ಹುಟ್ಟುವುದು ಬಲಗೈಯಿಂದ. ಇಂದು ನಾನು ಆ ಬಲಗೈಯ ಬಗ್ಗೆ ಮಾತನಾಡಬೇಕೆಂದಿದ್ದೇನೆ. (ಎಡಗೈಯಿಂದ ಮೀಟುವ ಗೆಳೆಯರು ಎಡ–ಬಲಗಳನ್ನು ಅದಲುಬದಲು ಮಾಡಿ ಕೇಳಿಕೊಳ್ಳಬೇಕು.)

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಂಥ ಊರುಗಳಲ್ಲಿ ಗಿಟಾರ್ ಕಲಿಯುವ ಹುಡುಗ ಹುಡುಗಿಯರಿಗೆ ಎದುರು ಕುಳಿತು ಹೇಳಿಕೊಡುವ ಗುರುಗಳು ಸುಲಭವಾಗಿ ಸಿಗುವುದಿಲ್ಲ. ಬಹುಮಟ್ಟಿಗೆ ಕಲಿಕೆ ಮೊಬೈಲ್ ನೋಡಿಯೇ ಆಗಬೇಕು. ಅಲ್ಲಿ ಒಬ್ಬರು ಆಲ್ಟರ್ನೇಟ್ ಪಿಕ್ಕಿಂಗ್ ಒಂದೇ ಸರಿ ಎನ್ನುತ್ತಾರೆ, ಇನ್ನೊಬ್ಬರು ಎಕಾನಮಿ ಪಿಕ್ಕಿಂಗ್ ಇಲ್ಲದೆ ವೇಗ ಬರುವುದಿಲ್ಲ ಎನ್ನುತ್ತಾರೆ. ಇಬ್ಬರ ಮಾತನ್ನೂ ಅರೆಬರೆ ಅನುಸರಿಸಿದ ಕೈ ಯಾವ ಲಯಕ್ಕೂ ನಿಲ್ಲುವುದಿಲ್ಲ. ಆಗ ಕಲಿಯುವವರು ತಮ್ಮ ಬೆರಳಿಗೇ ಶಕ್ತಿಯಿಲ್ಲವೆಂದು ತಿಳಿದು ವಾದ್ಯವನ್ನು ಗೋಡೆಗೆ ಒರಗಿಸಿಬಿಡುತ್ತಾರೆ. ನಿಜವಾಗಿ ತೊಡಕಿರುವುದು ಬೆರಳಿನಲ್ಲಲ್ಲ, ಲೆಕ್ಕದಲ್ಲಿ. ಆ ಲೆಕ್ಕವನ್ನು ಈಗ ಬಿಡಿಸೋಣ.

ಗಿಟಾರಿನಲ್ಲಿ 6 ತಂತಿಗಳು. ದಪ್ಪ ತಂತಿ ನಿಮ್ಮ ಮುಖದ ಕಡೆಗೆ, ತೆಳು ತಂತಿ ನೆಲದ ಕಡೆಗೆ. ಪಿಕ್ ನೆಲದತ್ತ ಚಲಿಸಿದರೆ ಕೆಳಮೀಟು, ಮುಖದತ್ತ ಚಲಿಸಿದರೆ ಮೇಲುಮೀಟು ಎನ್ನೋಣ. ಏನೇ ಬರಲಿ, ಕೆಳಗೆ, ಮೇಲೆ, ಕೆಳಗೆ, ಮೇಲೆ ಎಂದು ತಪ್ಪದೆ ಮೀಟುತ್ತ ಹೋಗುವುದು ಆಲ್ಟರ್ನೇಟ್ ಕ್ರಮ. ಒಂದೇ ತಂತಿಯ ಮೇಲಿರುವಾಗ ಎಕಾನಮಿ ಕ್ರಮವೂ ಹೀಗೆಯೇ. ತಂತಿ ಬದಲಿಸುವಾಗ ಮಾತ್ರ ಅದು ಬೇರೆಯಾಗುತ್ತದೆ: ಹೋಗಬೇಕಾದ ತಂತಿ ಯಾವ ದಿಕ್ಕಿನಲ್ಲಿದೆಯೋ ಅದೇ ದಿಕ್ಕಿನ ಮೀಟಿನಲ್ಲಿ ಜಾರಿಕೊಂಡು ಹೋಗುತ್ತದೆ. ಚನ್ನಗಿರಿಯಿಂದ ಜಗಳೂರಿಗೆ ಹೊರಟವರು ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಮುಂದಕ್ಕೇ ಹೋಗುತ್ತಾರಲ್ಲದೆ ಹಿಂದಕ್ಕೆ ನಾಲ್ಕು ಹೆಜ್ಜೆ ಹಾಕಿ ಮತ್ತೆ ಮುಂದೆ ಬರುವುದಿಲ್ಲವಷ್ಟೆ.

ಈಗ ಶಂಕರಾಭರಣದ ಸ್ವರಗಳನ್ನು, ಅಂದರೆ ಪಾಶ್ಚಾತ್ಯರ ಮೇಜರ್ ಸ್ಕೇಲನ್ನು, ತಂತಿಗೆ ಮೂರರಂತೆ 6 ತಂತಿಗಳ ಮೇಲೂ ಆರೋಹಣದಲ್ಲಿ ನುಡಿಸಿ. ಒಟ್ಟು 18 ಸ್ವರ, 5 ಸಲ ತಂತಿ ಬದಲು. ಆಲ್ಟರ್ನೇಟ್ ಕ್ರಮದಲ್ಲಿ ಮೊದಲ ತಂತಿ ಕೆಳ–ಮೇಲು–ಕೆಳ, ಮುಂದಿನದು ಮೇಲು–ಕೆಳ–ಮೇಲು. ಹೀಗಾದಾಗ 5 ಬದಲಾವಣೆಗಳಲ್ಲಿಯೂ ಪಿಕ್ ಒಂದು ತಂತಿಯನ್ನು ಮುಟ್ಟದೆ ಹಾರಿ ದಾಟಲೇಬೇಕು. ಎಕಾನಮಿ ಕ್ರಮದಲ್ಲಿ ಪ್ರತಿ ತಂತಿಯೂ ಕೆಳ–ಮೇಲು–ಕೆಳ. ಹಾರುವ ಕೆಲಸ ಒಂದು ಸಲವೂ ಇಲ್ಲ. ಅವರೋಹಣದಲ್ಲಿ ಇದೇ ಲಾಭ ಬೇಕಾದರೆ ಮೇಲುಮೀಟಿನಿಂದ ಆರಂಭಿಸಬೇಕು. ಆದರೆ ತಂತಿಗೆ ಎರಡೇ ಸ್ವರವಿದ್ದರೆ? ಕೆಳಮೀಟಿನಿಂದ ಹೊರಟು ಆರೋಹಣ ಮಾಡಿದಾಗ ಎರಡೂ ಕ್ರಮಗಳ ಮೀಟು ಒಂದೇ ಆಗಿಬಿಡುತ್ತದೆ. ಆಗ ಜಗಳಕ್ಕೆ ಆಸ್ಪದವೇ ಇಲ್ಲ!

ಹಾಗಾದರೆ ಎಕಾನಮಿಯೇ ಮೇಲಲ್ಲವೇ ಎಂದು ನೀವು ಕೇಳಬಹುದು. ಇಲ್ಲಿ ನಮ್ಮ ತಾಳದ ಮಾತು ಬರುತ್ತದೆ. ಅದೇ 18 ಸ್ವರಗಳನ್ನು ಚತುರಶ್ರ ಗತಿಯಲ್ಲಿ, ಪೆಟ್ಟಿಗೆ ನಾಲ್ಕರಂತೆ ನುಡಿಸಿ. ಆಲ್ಟರ್ನೇಟ್ ಕೈಯಲ್ಲಿ ಪ್ರತಿ ಪೆಟ್ಟೂ ಕೆಳಮೀಟಿನ ಮೇಲೆಯೇ ಬೀಳುತ್ತದೆ. ಕೈಯೇ ತಾಳ ಹಾಕಿದಂತೆ. ಎಕಾನಮಿ ಕೈಯಲ್ಲಿ 1ನೇ ಸ್ವರ ಕೆಳಮೀಟು, 5ನೆಯದು ಮೇಲುಮೀಟು, 9 ಮತ್ತು 13 ಕೆಳಮೀಟು, 17 ಮತ್ತೆ ಮೇಲುಮೀಟು. ಪೆಟ್ಟು ಎಲ್ಲಿದೆ ಎಂಬುದು ಕೈಗೆ ತಿಳಿಯುವುದಿಲ್ಲ, ತಲೆಯೇ ಎಣಿಸಬೇಕು. ಸಾಲದ್ದಕ್ಕೆ ಜಾರಿಕೊಂಡು ಹೋಗುವ ಎರಡು ಮೀಟುಗಳು ಒಂದರ ಮೇಲೊಂದು ಬಿದ್ದು, ಎರಡನೆಯದು ಸಮಯಕ್ಕೆ ಮುಂಚೆಯೇ ನುಡಿಯುವ ಅಪಾಯವಿದೆ. ಇನ್ನು ಅದನ್ನೇ ತಿಶ್ರ ಗತಿಗೆ ತಿರುಗಿಸಿ, ಪೆಟ್ಟಿಗೆ ಮೂರು ಸ್ವರ. ಈಗ ಚಿತ್ರ ತಲೆಕೆಳಗಾಗುತ್ತದೆ. ಎಕಾನಮಿಯಲ್ಲಿ ಪ್ರತಿ ಪೆಟ್ಟೂ ಕೆಳಮೀಟು; ಆಲ್ಟರ್ನೇಟ್‌ನಲ್ಲಿ ಒಂದು ಪೆಟ್ಟು ಕೆಳಗೆ, ಒಂದು ಪೆಟ್ಟು ಮೇಲೆ.

ಆದ್ದರಿಂದ ಯಾವ ಕ್ರಮ ಶ್ರೇಷ್ಠ ಎಂದು ಕೇಳುವ ಮೊದಲು ತಂತಿಗೆ ಎಷ್ಟು ಸ್ವರ, ಪೆಟ್ಟಿಗೆ ಎಷ್ಟು ಸ್ವರ ಎಂದು ಕೇಳಿಕೊಳ್ಳಿ. ಪಾಶ್ಚಾತ್ಯ ವಾದಕರಲ್ಲೂ ಎರಡು ಪಂಗಡಗಳಿವೆ. 1970ರ ದಶಕದಲ್ಲಿ ಜಾಕಿರ್ ಹುಸೇನ್, ಎಲ್. ಶಂಕರ್, ವಿಕ್ಕು ವಿನಾಯಕರಾಮ್ ಅವರೊಡನೆ ‘ಶಕ್ತಿ’ ವೃಂದದಲ್ಲಿ ನುಡಿಸಿದ ಜಾನ್ ಮ್ಯಾಕ್‌ಲಾಫ್ಲಿನ್ ಆಲ್ಟರ್ನೇಟ್ ಕೈಗೆ ಹೆಸರಾದವರು. ಆಸ್ಟ್ರೇಲಿಯಾದ ಫ್ರ್ಯಾಂಕ್ ಗಂಬಾಲೆ ಜಾರುಮೀಟನ್ನೇ ತಮ್ಮ ಗುರುತಾಗಿ ಮಾಡಿಕೊಂಡರು. ಇಬ್ಬರೂ ಮಿಂಚಿನಂತೆ ನುಡಿಸಬಲ್ಲರು ಎಂದ ಮೇಲೆ ವೇಗದ ವಾದ ಅಲ್ಲಿಗೇ ಮುಗಿಯಿತು.

ನಮ್ಮ ನಾಡಿನಲ್ಲಿ ಈ ವಿಚಾರಕ್ಕೆ ಹಳೆಯ ಬೇರಿದೆ. ಧಾರವಾಡದಲ್ಲಿ ಸಿತಾರರತ್ನ ರಹಿಮತ್ ಖಾನರು ಬೆಳೆಸಿದ, ಅವರ ಮೊಮ್ಮಗ ಉಸ್ತಾದ್ ಬಾಲೇಖಾನರು (1942–2007) ಮುಂದುವರಿಸಿದ ಸಿತಾರ್ ಪರಂಪರೆಯಲ್ಲಿ ಮೀಟಿನ ದಿಕ್ಕಿಗೆ ಹೆಸರೇ ಇದೆ: ‘ದಾ’ ಮತ್ತು ‘ರಾ’. ಮೈಸೂರಿನಲ್ಲಿ ನೆಲೆಸಿದ್ದ ಪಂಡಿತ್ ರಾಜೀವ್ ತಾರಾನಾಥರು (1932–2024) ತೆಂಗಿನ ಚಿಪ್ಪಿನ ‘ಜವಾ’ ಹಿಡಿದು ಸರೋದ್ ಮೀಟುವಾಗಲೂ ಅವೇ ಹೆಸರುಗಳು. ಒಂದು ಸ್ವಾರಸ್ಯ ನೋಡಿ: ಸರೋದಿನ ‘ದಾ’ ನಮ್ಮ ಕೆಳಮೀಟಿನಂತೆ, ಸಿತಾರಿನ ‘ದಾ’ ಬೆರಳನ್ನು ಒಳಕ್ಕೆ ಎಳೆಯುವ ಮೀಟು. ದಿಕ್ಕು ಬೇರೆಯಾದರೂ ಎರಡರಲ್ಲೂ ತೂಕದ ಮೀಟು ‘ದಾ’ ಎಂಬುದೇ. ಮೀಟೆಂಬುದು ಅಲ್ಲಿ ಕೇವಲ ಕೈಯ ಸೌಕರ್ಯವಲ್ಲ, ಬಾಯಲ್ಲಿ ಹೇಳಿ ಕಲಿಯುವ ಅಕ್ಷರ. ಗಿಟಾರಿನವರು ಇದನ್ನು ಧಾರಾಳವಾಗಿ ಎರವಲು ಪಡೆಯಬಹುದು. ಕೆಳಮೀಟಿಗೆ ‘ದಾ’, ಮೇಲುಮೀಟಿಗೆ ‘ರಾ’ ಎಂದು ಗಟ್ಟಿಯಾಗಿ ಹೇಳುತ್ತ ನುಡಿಸಿ. ಕೈ ತಪ್ಪಿದ ಜಾಗವನ್ನು ಬಾಯಿ ಹಿಡಿದುಕೊಡುತ್ತದೆ.

ನಾನು ಯಾವುದನ್ನು ಮೊದಲು ಕಲಿಯಿರಿ ಎನ್ನುತ್ತೇನೆ? ಸಂಶಯವಿಲ್ಲದೆ ಆಲ್ಟರ್ನೇಟ್. ಕಾಲೇಜು ವಾರ್ಷಿಕೋತ್ಸವದಲ್ಲಿ ನೀವು ಹೆಚ್ಚಾಗಿ ಮಾಡುವುದು ಭಾವಗೀತೆಗೋ ಚಿತ್ರಗೀತೆಗೋ ಸ್ಟ್ರಮ್ ಮಾಡಿ ಜೊತೆ ಕೊಡುವ ಕೆಲಸ. ಅಲ್ಲಿ ಕೈ ಲೋಲಕದಂತೆ ಮೇಲೆ ಕೆಳಗೆ ಆಡುತ್ತಲೇ ಇರಬೇಕು. ಆಲ್ಟರ್ನೇಟ್ ಅಭ್ಯಾಸ ಅದೇ ಲೋಲಕದ ಚಿಕ್ಕ ರೂಪ. ಮೊದಲ ಒಂದು ವರ್ಷ ಅಷ್ಟೇ ಸಾಕು. ಮೊಬೈಲಿನ ಮೆಟ್ರೊನೋಮ್ ಅನ್ನು ನಿಮಿಷಕ್ಕೆ 60 ಪೆಟ್ಟಿಗೆ ಇಟ್ಟು, ಪೆಟ್ಟಿಗೆ ಎರಡು ಸ್ವರ, ಆಮೇಲೆ ನಾಲ್ಕು ಸ್ವರ ನುಡಿಸಿ. ಮಣಿಕಟ್ಟು ಅಥವಾ ಮುಂಗೈ ನೋಯತೊಡಗಿದರೆ ನಿಲ್ಲಿಸಿ. ಬಿಗಿ ಹಿಡಿತವೇ ಅದಕ್ಕೆ ಕಾರಣವಾಗಿರಬಹುದು. ಪಿಕ್ಕಿನ ತುದಿ ಮಾತ್ರ ಬೆರಳಿನಿಂದ ಹೊರಗಿರಲಿ. ಹೆಚ್ಚು ಹೊರಬಂದಷ್ಟೂ ಅದು ತಂತಿಗಳ ನಡುವೆ ಸಿಕ್ಕಿಕೊಳ್ಳುತ್ತದೆ.

ಎಕಾನಮಿಯನ್ನು ಆ ಮೇಲೆ, ಬೇಕಾದ ಕಡೆಗೆ ಮಾತ್ರ ತನ್ನಿ. ನಿಮಗೆ ಪ್ರತಿ ಸಲವೂ ಒಂದೇ ಜಾಗದಲ್ಲಿ ತೊಡಕುವ ಹಾಡಿನ ತುಣುಕೊಂದನ್ನು ಆರಿಸಿಕೊಳ್ಳಿ. ಪ್ರತಿ ಸ್ವರದ ಕೆಳಗೆ ಪೆನ್ಸಿಲಿನಿಂದ ‘ದಾ’, ‘ರಾ’ ಬರೆಯಿರಿ, ತಂತಿ ಬದಲಾಗುವಲ್ಲಿ ಒಂದು ಗೀಟು ಎಳೆಯಿರಿ. ಗೀಟಿನ ಹಿಂದಿನ ಮೀಟು ಮುಂದಿನ ತಂತಿಯ ಕಡೆಗೇ ಹೊರಟಿದೆಯೆಂದು ಕಂಡರೆ ಜಾರಲು ಬಿಡಿ. ಎರಡೂ ಬಗೆಯಲ್ಲಿ ನುಡಿಸಿ ಮೊಬೈಲಿನಲ್ಲಿ ಧ್ವನಿಮುದ್ರಿಸಿ, ಯಾವುದು ಯಾವ ಬಗೆಯೆಂದು ಹೇಳದೆ ಗೆಳೆಯರೊಬ್ಬರಿಗೆ ಕೇಳಿಸಿ, ಯಾವುದಕ್ಕೆ ತಾಳ ಹಾಕಲು ಸುಲಭವಾಯಿತೆಂದು ಕೇಳಿ ತಿಳಿದುಕೊಳ್ಳಿ.